ಬೆರಕೆ ಕಾನ್ ಆಲ್ಟೋಗೆ ಬೆಲೆ ಕಟ್ಟುವ ಕೆಲಸ: ಇಲ್ಲಿಯ ತನಕ

ದಿನ 1

ಉಡುಪಿ ಕಡೆಯ ಬ್ಯಾಂಡ್‌ಸೆಟ್ಟೊಂದರ ಹಳೇ ಪೆಟ್ಟಿಗೆಯಿಂದ ಬಂದ, ಕಾನ್ ಕಂಪನಿಯ ಆಲ್ಟೋ ಸ್ಯಾಕ್ಸೋಫೋನ್. ಬೆರಕೆ ಎಂದರೆ ಬೇರೆ ವಾದ್ಯಗಳ ಭಾಗಗಳೂ ಸೇರಿಕೊಂಡದ್ದು. ಮಾರುವವರ ಮಾತು: “1914ರದ್ದು, ಅಮೆರಿಕದ ಮಾಲು, ಎಲ್ಲ ಒರಿಜಿನಲ್.” ಮೂರರಲ್ಲಿ ನಡುವಿನದ್ದು ಮಾತ್ರ ನಿಜ.

ಬೆನ್ನಿನ ಮೇಲೆ, ಹೆಬ್ಬೆರಳ ಕೊಕ್ಕೆಯ ಕೆಳಗೆ ಅಚ್ಚೊತ್ತಿದ ಸಾಲುಗಳಿವೆ: ಪೇಟೆಂಟ್, ಡಿಸೆಂಬರ್ 8, 1914, 1119954, ಎಂ ಅಕ್ಷರದಿಂದ ಶುರುವಾಗುವ ಸೀರಿಯಲ್ ನಂಬರ್, ಎ, ಎಲ್. ತೂತಿನ ಗೋಡೆಯನ್ನು ಬೆಸೆದು ಕೂರಿಸದೆ ಕೊಳವೆಯ ತಗಡಿನಿಂದಲೇ ಎಳೆದೆಬ್ಬಿಸುವ ವಿಧಾನಕ್ಕೆ ಸಿಕ್ಕ ಪೇಟೆಂಟಿನ ದಿನಾಂಕ ಅದು. ವಾದ್ಯ ಹುಟ್ಟಿದ ದಿನವಲ್ಲ. 1920ರ ದಶಕದ ಕಾನ್‌ಗಳ ಮೇಲೆಲ್ಲ ಅದೇ ಅಚ್ಚು ಇರುತ್ತದೆ. ವರ್ಷ ತಿಳಿಯಬೇಕಾದರೆ ಸೀರಿಯಲ್ ನೋಡಬೇಕು. ಇದರದ್ದು 1,90,000ದ ಆಸುಪಾಸು, ಅಂದರೆ 1920ರ ದಶಕದ ಉತ್ತರಾರ್ಧ, ನ್ಯೂ ವಂಡರ್ ಎಂಬ ಮಾದರಿಯ ಎರಡನೇ ಸೀರೀಸ್.

ಎ ಅಂದರೆ ಆಲ್ಟೋ. ಎಲ್ ಅಂದರೆ ಲೋ ಪಿಚ್, ಇವತ್ತಿನ 440 ಹರ್ಟ್ಸ್‌ನ ಶ್ರುತಿ. ಅಲ್ಲಿ ಎಚ್ ಇದ್ದಿದ್ದರೆ ಪೆಟ್ಟಿಗೆ ಮುಚ್ಚಿ ವಾಪಸು ಕೊಡಬಹುದಿತ್ತು. ಹೈ ಪಿಚ್ ವಾದ್ಯ 457ಕ್ಕೆ ಕಟ್ಟಿದ್ದು. ಸುಮಾರು 65 ಸೆಂಟ್ ಮೇಲೆ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್). ಮೌತ್‌ಪೀಸನ್ನು ಎಷ್ಟು ಹೊರಗೆಳೆದರೂ ಅಷ್ಟು ಇಳಿಯುವುದಿಲ್ಲ, ಇಳಿಸಲು ಹೋದರೆ ಸ್ವರಗಳ ನಡುವಿನ ಅಂತರವೇ ಕೆಡುತ್ತದೆ.

ದಿನ 2: ಯಾವುದು ಮನೆಯದ್ದು, ಯಾವುದು ನೆಂಟರದ್ದು

ಬಾಡಿಗೆ ಬೆಳ್ಳಿ ಲೇಪ, ಬೆಲ್ಲಿನ (ಅಗಲ ಬಾಯಿಯ) ಒಳಗೆ ತೆಳು ಚಿನ್ನದ ನೀರು. ಬೆರಕೆ ಹುಡುಕಲು ಇದಕ್ಕಿಂತ ಸುಲಭದ ದಾರಿ ಇಲ್ಲ: ಬೆಳ್ಳಿ ಕಪ್ಪಾಗುತ್ತದೆ, ಬರೀ ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಆಟಿಯ ಮಳೆ ಕಳೆದು ಬಂದ ವಾದ್ಯವಾದ್ದರಿಂದ ಹಸಿರು ಎಲ್ಲೆಲ್ಲಿದೆ ಎಂದು ಎದ್ದು ಕಾಣುತ್ತಿತ್ತು. ಅದಕ್ಕೇ, ಬೆಲೆ ಕಟ್ಟುವ ಮೊದಲು ತೊಳೆಯಬಾರದು. ಹುಣಸೆಹುಳಿಯನ್ನಂತೂ ಹತ್ತಿರ ತರಬಾರದು. ತಿಕ್ಕಿದರೆ ಚಿನ್ನದ ನೀರು ಹೋಗುತ್ತದೆ, ಜೊತೆಗೆ ಸಾಕ್ಷಿಯೂ.

ಬೇರೆ ವಾದ್ಯದಿಂದ ಬಂದವು: ನೆಕ್ (ಮೌತ್‌ಪೀಸ್ ಕೂರುವ ಬಾಗಿದ ಕೊಳವೆ), ಜಿ-ಶಾರ್ಪ್ ಮುಚ್ಚಳದ ಕೀ, ಬಲಗೈ ಪಕ್ಕದ ಬಿ-ಫ್ಲಾಟ್ ಕೀ, ಕೆಳಗಿನ ಇ-ಫ್ಲಾಟ್‌ನ ಗಾರ್ಡ್, ಹೆಬ್ಬೆರಳ ಕೊಕ್ಕೆ.

ಇವುಗಳಲ್ಲಿ ಕಣ್ಣಿಗೆ ಮಣ್ಣೆರಚುವುದು ಜಿ-ಶಾರ್ಪ್. ಎಡಗೈ ಕಿರುಬೆರಳು ಒತ್ತುವ ತುದಿ ಕಾನ್‌ನದ್ದೇ, ಉಗುರು ಉಜ್ಜುವ ಅರದ ಹಾಗೆ ಗೀರು ಗೀರಾಗಿದೆ. ಅದನ್ನು ನೋಡಿ ‘ಒರಿಜಿನಲ್’ ಎಂದು ತಲೆಯಾಡಿಸುವವರೇ ಹೆಚ್ಚು. ಆದರೆ ಅದು ಎತ್ತುವ ಮುಚ್ಚಳ ಬೇರೆಯದ್ದು. ಕೀಯನ್ನು ಹಿಡಿದಿಡುವ ಎರಡು ಪೋಸ್ಟುಗಳ ನಡುವಿನ ಅಂತರಕ್ಕಿಂತ ಕೀಯ ಟ್ಯೂಬ್ 0.7 ಮಿಲಿಮೀಟರ್ ಗಿಡ್ಡ, ಆ ಸಂದಿಗೆ ನೂಲು ಸುತ್ತಿದ್ದರು. ಪ್ಯಾಡಿನ (ಮುಚ್ಚಳದೊಳಗಿನ ಮೆತ್ತೆಯ) ಮೇಲೆ ತೂತಿನ ಅಚ್ಚು ನಡುವಿಗೆ ಬಿದ್ದಿಲ್ಲ, ಒಂದು ಮಿಲಿಮೀಟರಿನಷ್ಟು ಆಚೆ ಸರಿದಿದೆ. ಟ್ಯೂಬನ್ನು ಇಕ್ಕಳದಲ್ಲಿ ಸುತ್ತಲೂ ಒತ್ತಿ ಉದ್ದ ಮಾಡಿದರೆ ಆಟ ನಿಲ್ಲುತ್ತದೆ. ಸರಿದ ಮುಚ್ಚಳಕ್ಕೆ ಮಾತ್ರ ತೋಳನ್ನೇ ಬಿಚ್ಚಿ ಮತ್ತೆ ಬೆಸೆಯಬೇಕು.

ಬಿ-ಫ್ಲಾಟ್ ಕೀ ಅದೇ ಸೀರೀಸಿನ ಇನ್ನೊಂದು ವಾದ್ಯದ್ದು. ಬಣ್ಣ ಬೇರೆ, ಅಳತೆ ಒಂದೇ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ದಿನ 3: ತೂತುಗಳ ಅಂಚು

ಮೂರು ದಿನಗಳಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದಕ್ಕೆ, ಹಿಡಿಯಬೇಕಾದದ್ದೂ ಇದಕ್ಕೇ. ಕೀ ಕಳೆದರೆ ಇನ್ನೊಂದು ಸಿಕ್ಕೀತು. ತೂತಿನ ಅಂಚು ಹಾಳಾದರೆ ತಂದು ಹಾಕಲು ಬಿಡಿಭಾಗ ಎಂಬುದಿಲ್ಲ.

ಈ ಕಾಲದ ಕಾನ್‌ಗಳಲ್ಲಿ ತೂತಿನ ಅಂಚನ್ನು ಹೊರಕ್ಕೆ ಸುರುಳಿ ಮಡಚಿರುತ್ತಾರೆ. 1947ರ ಹೊತ್ತಿಗೆ ಕಂಪನಿ ಇದನ್ನು ಕೈಬಿಟ್ಟಿತು. ಉಗುರು ಆಡಿಸಿದರೆ ಲೋಟದ ಬಾಯಿಯಂತೆ ನುಣುಪು. ಪ್ಯಾಡ್ ಕೂರುತ್ತಿಲ್ಲ ಎಂದು ಯಾರಾದರೂ ಆ ಅಂಚಿಗೆ ಅರ ಹಾಕಿದ್ದರೆ ಸುರುಳಿಯ ನೆತ್ತಿಯಲ್ಲಿ ಚಪ್ಪಟೆಯಾದ ಹೊಳೆಯುವ ಗೆರೆ ಕಾಣುತ್ತದೆ. ಗೆರೆ ಒಂದು ಕಡೆ ಅಗಲ, ಇನ್ನೊಂದು ಕಡೆ ಸಪೂರ. ಹೆಚ್ಚು ಅರೆದಿದ್ದರೆ ಸುರುಳಿಯೇ ಬಾಯಿಬಿಟ್ಟು ಒಳಗಿನ ಟೊಳ್ಳು ಕಾಣುತ್ತದೆ. ಅಂಥ ತೂತುಗಳು ನಾಲ್ಕೈದು ಇದ್ದರೆ ಆ ವಾದ್ಯ ಬಿಡಿಭಾಗಕ್ಕಷ್ಟೇ ಲಾಯಕ್ಕು. ಸುರುಳಿ ಅಂಚನ್ನು ಸಮ ಮಾಡುವ ಸರಿಯಾದ ಕ್ರಮವೆಂದರೆ ತಗ್ಗಾದ ಕಡೆ ಒಳಗಿನಿಂದ ತಗಡನ್ನು ಎತ್ತುವುದು.

ಕೀಗಳನ್ನೆಲ್ಲ ಬಿಚ್ಚಿ, ಪ್ರತಿ ತೂತಿನ ಮೇಲೆ ಚಪ್ಪಟೆ ಗಾಜಿನ ತುಂಡು ಇಟ್ಟು, ಒಳಗೆ ಎಲ್‌ಇಡಿ ಬಲ್ಬಿನ ಸರ ಇಳಿಬಿಟ್ಟು ಕತ್ತಲೆಯಲ್ಲಿ ನೋಡಲಾಯಿತು. ಕೆಳಗಿನ ಸಿ-ಶಾರ್ಪ್ ಒಂದಕ್ಕೆ ಮಾತ್ರ ಅರ ತಾಗಿದೆ, ಸುರುಳಿ ಬಾಯಿಬಿಟ್ಟಿಲ್ಲ. ಉಳಿದವೆಲ್ಲ ಹುಟ್ಟಿದ ಹಾಗೇ ಇವೆ. ಈ ವಾದ್ಯಕ್ಕೆ ಬೆಲೆ ಎಂಬುದು ಉಳಿದಿದ್ದರೆ ಅದು ಇದರಿಂದ.

ಕೀಗಳು ತಿರುಗುವ ರಾಡುಗಳಲ್ಲಿ ಎರಡು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟಾಗ ಸಡಿಲವಾದವು. ಒತ್ತಾಯ ಮಾಡಿದರೆ ಸ್ಕ್ರೂ ತಲೆಯ ಗೀರು ಹರಿದು ಐದು ನಿಮಿಷದ ಕೆಲಸ ಎರಡು ದಿನಕ್ಕೆ ಹೋಗುತ್ತದೆ. ಸೂಜಿ ಸ್ಪ್ರಿಂಗುಗಳು ನೀಲಿ ಉಕ್ಕಿನವು. ಕಡಲ ಗಾಳಿಗೆ ಅರ್ಧಕ್ಕರ್ಧ ಹೋಗಿವೆ. ಈ ಊರುಗಳಲ್ಲಿ ಅದನ್ನು ದೋಷವೆಂದು ಬರೆಯುವುದಿಲ್ಲ, ಖರ್ಚೆಂದು ಬರೆಯುತ್ತೇವೆ.

ದಿನ 5: ನೆಕ್

ಈ ಸೀರೀಸಿನ ಕಾನ್ ಆಲ್ಟೋ ನೆಕ್ಕಿನ ತುದಿಯಲ್ಲಿ ಮೈಕ್ರೋಟ್ಯೂನರ್ ಇರುತ್ತದೆ. ಬಳೆ ತಿರುಗಿಸಿದರೆ ಮೌತ್‌ಪೀಸ್ ಕೂರುವ ತುಂಡು ಹಿಂದೆ ಮುಂದೆ ಸರಿಯುತ್ತದೆ. ಇದರ ಮೇಲಿರುವುದು ಈಚಿನ, ಹೆಸರಿಲ್ಲದ ನೆಕ್. ಬುಡ ಸಾಕೆಟ್ಟಿಗಿಂತ ಅರ್ಧ ಮಿಲಿಮೀಟರ್ ಸಪೂರ. ಪ್ಲಂಬರ್ ಟೇಪ್ ಸುತ್ತಿ ಕೂರಿಸಿದ್ದಾರೆ. ನೆಕ್ ಒಂದನ್ನೇ ಪರೀಕ್ಷಿಸುವುದು ಸುಲಭ: ಬುಡವನ್ನು ಅಂಗೈಯಿಂದ ಮುಚ್ಚಿ, ಕಾರ್ಕ್ ತುದಿಯಿಂದ ಗಾಳಿ ಎಳೆದರೆ ಅದು ನಾಲಿಗೆಗೆ ಅಂಟಿ ನಿಲ್ಲಬೇಕು. ನಿಂತಿತು. ಅಂದರೆ ಸೋರುವುದು ನೆಕ್ ಅಲ್ಲ, ಟೇಪ್ ಸುತ್ತಿದ ಸೇರುವೆ.

ಆಕ್ಟೇವ್ ಕೀ ಒತ್ತಿ ಜಿ ಹಿಡಿದಾಗ ನೆಕ್ಕಿನ ಸಣ್ಣ ತೂತು ಮುಚ್ಚಿರಬೇಕು, ಎ ಹಿಡಿದಾಗ ಮಾತ್ರ ತೆರೆಯಬೇಕು. ಇಲ್ಲಿ ಜಿಗೂ ಕೂದಲೆಳೆಯಷ್ಟು ಎದ್ದಿತು. ನೆಕ್ಕಿನ ಉಂಗುರದ ಎತ್ತರ ಬಾಡಿಯ ಕಡ್ಡಿಗೆ ಹೊಂದುವುದಿಲ್ಲ. ಬಗ್ಗಿಸಿ ಸರಿ ಮಾಡಬಹುದು. ಒಳಗಿನ ಅಳತೆಯನ್ನು ಬಗ್ಗಿಸಲಾಗದು.

ಮಾರುವ ಕಡೆಯವರು ನುಡಿಸಿ ತೋರಿಸಿದ್ದನ್ನು ನಂಬಬಾರದು ಎನ್ನುವುದು ಇಲ್ಲೇ. ಕದ್ರಿ ಗೋಪಾಲನಾಥರ ನಂತರ ನಮ್ಮ ಕಡೆ ಆಲ್ಟೋ ಹಿಡಿದವರಿಗೆ ತುಟಿಯಲ್ಲೇ ಸ್ವರ ಜಾರಿಸುವುದು ಉಸಿರಾಡಿದಷ್ಟೇ ಸಲೀಸು. ಪಳಗಿದ ತುಟಿ 30 ಸೆಂಟ್ ದೋಷವನ್ನು ಗಮಕದೊಳಗೆ ನುಂಗಿಬಿಡುತ್ತದೆ. ಆದ್ದರಿಂದ ರಾಗ ಬೇಡ. ನೇರ, ಉದ್ದ ಸ್ವರ ಬೇಕು, ಟ್ಯೂನರ್ ಮುಖ ನುಡಿಸುವವರಿಗೆ ಕಾಣಬಾರದು.

ಆಲ್ಟೋದಲ್ಲಿ ಸಿ ಹಿಡಿದರೆ ಹೊರಡುವುದು ಇ-ಫ್ಲಾಟ್, ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಎರಡು. ನಡು ಸಿಯನ್ನು 311 ಹರ್ಟ್ಸ್‌ಗೆ ಸೊನ್ನೆ ಮಾಡಿಕೊಂಡು ಮೇಲಿನ ಸಿ ನೋಡಿದರೆ ಹೀಗಿತ್ತು. ಈಗಿನ ನೆಕ್, ಚಿಕ್ಕ ಹೊಟ್ಟೆಯ ಹೊಸ ಮೌತ್‌ಪೀಸ್: 32 ಸೆಂಟ್ ಮೇಲೆ. ಅದೇ ನೆಕ್, ದೊಡ್ಡ ಹೊಟ್ಟೆಯ ಹಳೇ ಮಾದರಿ ಮೌತ್‌ಪೀಸ್: 18. ಎರವಲು ತಂದ ಅದೇ ಸೀರೀಸಿನ ಕಾನ್ ನೆಕ್, ಹಳೇ ಮೌತ್‌ಪೀಸ್: 6.

ಕಾರಣ ಇಷ್ಟೇ: ಸ್ಯಾಕ್ಸೋಫೋನ್ ತುದಿ ಕತ್ತರಿಸಿದ ಶಂಕು. ಕತ್ತರಿಸಿ ಹೋದ ತುದಿಯ ಜಾಗವನ್ನು ಮೌತ್‌ಪೀಸಿನ ಒಳಹೊಟ್ಟೆ ತುಂಬಿಕೊಡಬೇಕು, ನೆಕ್ಕಿನ ಓರೆಯೂ ಅದಕ್ಕೆ ಸೇರಿ ಬರಬೇಕು. ಜಾಗ ಕಡಿಮೆ ಬಿದ್ದರೆ ಮೇಲಿನ ಸ್ಥಾಯಿ ಏರುತ್ತದೆ. ಬರೀ ಹೊಸ ಮೌತ್‌ಪೀಸಿನಲ್ಲಿ ಪರೀಕ್ಷಿಸಿ ಹಳೇ ವಾದ್ಯವನ್ನು ‘ಶ್ರುತಿ ಇಲ್ಲ’ ಎಂದು ಅಗ್ಗಕ್ಕೆ ಹೊಡೆಯುವುದೂ ನಡೆಯುತ್ತದೆ, ಅದು ಅನ್ಯಾಯ.

ದಿನ 6: ಲೆಕ್ಕ

ಪೂರ್ತಿ ಒಂದೇ ವಾದ್ಯದ ಭಾಗಗಳಿರುವ, ನುಡಿಸಲು ಸಿದ್ಧವಾದ ಅದೇ ಸೀರೀಸಿನ ಆಲ್ಟೋಗೆ 100 ಅಂಕ. ಬೇರೆ ನೆಕ್‌ಗೆ 35 ಕಳೆ. ಜಿ-ಶಾರ್ಪ್‌ಗೆ 4, ಬಿ-ಫ್ಲಾಟ್‌ಗೆ 1, ಗಾರ್ಡ್‌ಗೆ 1, ಮತ್ತೆ ಬೆಸೆದ ಎರಡು ಪೋಸ್ಟುಗಳಿಗೆ 3, ತಳದ ಬಾಗಿನಲ್ಲಿರುವ ನೆಗ್ಗಿಗೆ 3, ಅರ ತಾಗಿದ ತೂತಿಗೆ 5. ಕೊಕ್ಕೆಗೆ ಏನೂ ಇಲ್ಲ. ಉಳಿದದ್ದು 48. ಅದೇ ಸೀರೀಸಿನ ನೆಕ್ ಸಿಕ್ಕಿದರೆ 35ರ ಬದಲು 10 ಮಾತ್ರ ಕಳೆದು 73. ಆ 10 ಯಾಕೆಂದರೆ ಅದೂ ಈ ವಾದ್ಯದ ಜೊತೆ ಹುಟ್ಟಿದ್ದಲ್ಲ; ಕಣ್ಣಿಗೆ ಗೊತ್ತಾಗದಿದ್ದರೂ ರಸೀದಿಯಲ್ಲಿ ಬರೆಯಬೇಕು.

100 ಅಂಕದ ವಾದ್ಯಕ್ಕೆ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಈ ಮೊತ್ತ ಹುಡುಕುವಾಗ ಮಾರಿಹೋದ ಬೆಲೆ ನೋಡಬೇಕು, ಕೇಳುತ್ತಿರುವ ಬೆಲೆಯನ್ನಲ್ಲ. ಪ್ಯಾಡ್, ಕಾರ್ಕ್, ಫೆಲ್ಟ್, ಸ್ಪ್ರಿಂಗ್, ಕೂಲಿ ಸೇರಿ 25,000 ಹಿಡಿದರೆ ಇವತ್ತಿನ ಸ್ಥಿತಿಯಲ್ಲಿ ಕೊಡಬಹುದಾದದ್ದು 23,000. ಕಾನ್ ನೆಕ್ಕಿನಿಂದ ಏರುವ ಬೆಲೆ 25,000. ನೆಕ್ಕಿಗೆ ಅದಕ್ಕಿಂತ ಹೆಚ್ಚು ಕೊಟ್ಟರೆ ನುಡಿಸುವವರಿಗೆ ಲಾಭವಿರಬಹುದು, ಮಾರುವವರಿಗಿಲ್ಲ. ಸಂಗ್ರಹಕ್ಕೆ ಕೊಳ್ಳುವವರಾದರೆ ನೆಕ್ ಬಂದರೂ ಇದನ್ನು ಮುಟ್ಟುವುದು ಅನುಮಾನ. ಭೂತದ ನೇಮಕ್ಕೋ ಮದುವೆಗೋ ನುಡಿಸುವವರಿಗೆ ಬಣ್ಣ ಬೇರೆಯಾದ ಕೀಗಳಿಂದ ಏನೂ ಆಗಬೇಕಾಗಿಲ್ಲ.

ಈಗ ಎಲ್ಲಿಗೆ ಬಂದಿದೆ

ಎರವಲು ತಂದ ನೆಕ್ಕನ್ನು ಅದರವರು ಕೊಡಲು ಒಪ್ಪಿದ್ದಾರೆ. ಮೈಕ್ರೋಟ್ಯೂನರ್ ಬಳೆ ಕಚ್ಚಿಕೊಂಡಿದೆ, ಎಣ್ಣೆಯಲ್ಲಿ ಮೂರನೇ ದಿನ. ತಿರುಗಿದ ಮೇಲೆ ಅದರ ಒಳಗೆ ಗಾಳಿ ಸೋರುತ್ತದೆಯೇ ಎಂದು ನಾಲಿಗೆ ಪರೀಕ್ಷೆ ಮತ್ತೆ ಮಾಡಬೇಕು. ಬುಡವನ್ನು ಸಾಕೆಟ್ಟಿಗೆ ತಕ್ಕಂತೆ ಹಿಗ್ಗಿಸುವುದು ಆಮೇಲೆ. ಮೊದಲೇ ಹಿಗ್ಗಿಸಿದರೆ ಅವರಿಗೆ ವಾಪಸು ಕೊಡಲಾಗದು. ಜಿ-ಶಾರ್ಪ್ ತೋಳು ಬಿಚ್ಚಿದೆ, ಇನ್ನೂ ಬೆಸೆದಿಲ್ಲ.