ಆ ಸ್ಲೈಡರ್ ಎಳೆದರೆ ಯಾರ ರೊಕ್ಕ ತಡವಾಗುತ್ತದೆ?

ಈ ವಾರದ ಆನ್‌ಲೈನ್ ಕ್ಲಾಸಿನಲ್ಲಿ, ಪರದೆ ಮೇಲಿನ ಸ್ಲೈಡರ್ (ಎಳೆದು ಸಂಖ್ಯೆ ಹೆಚ್ಚು ಕಡಿಮೆ ಮಾಡುವ ಗುಂಡಿ) ನೋಡಿ ಒಬ್ಬ ಹುಡುಗಿ ಕೇಳಿದ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಅಡುಗೆ ಮಾಡುವಾಗಲೂ ಅದೇ, ಬಸ್ಸಿನಲ್ಲಿ ಕೂತಾಗಲೂ ಅದೇ. "ಮೇಡಂ, ಅದನ್ನ ಬಲಕ್ಕ ಎಳದ್ರ ನಮ್ಮಪ್ಪನ ರೊಕ್ಕ ತಡ ಆಗ್ತೈತಲ್ರಿ?"

ಕೊಪ್ಪಳದಲ್ಲಿ ಕೂತು ದೂರಶಿಕ್ಷಣದ ಎಂ.ಕಾಂ. ಓದುವವರಿಗೆ ಹಣಕಾಸು ನಿರ್ವಹಣೆ ಹೇಳಿಕೊಡುತ್ತೇನೆ. ಎಲ್ಲರೂ ದುಡಿಯುವವರು. ಅಂಗಡಿ, ಬ್ಯಾಂಕು, ಮಿಲ್ಲು ಅಂತ ಹಗಲೆಲ್ಲ ಓಡಾಡಿ, ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದು ಕೂರುತ್ತಾರೆ. ಇವರಿಗೆ ನೋಟ್ಸ್ ಕಳಿಸಿದರೆ ಸಾಕು, ಪಾಸಾದರೆ ಆಯ್ತು ಅನ್ನುವ ಮೇಷ್ಟ್ರುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದಿನಾ ದುಡ್ಡಿನ ವ್ಯವಹಾರ ಕಣ್ಣಾರೆ ನೋಡುವವರು ಇವರೇ ಅಲ್ವಾ?

ಅದಕ್ಕೇ ಈ ಸಲ ಮಲ್ಟಿಮೀಡಿಯಾ ಕೇಸ್ ಸ್ಟಡಿ ಕೊಟ್ಟೆ, ಅಂದರೆ ಒಂದು ವ್ಯವಹಾರದ ಕಷ್ಟವನ್ನು ವಿಡಿಯೋ, ದನಿ, ಚಿತ್ರಗಳಲ್ಲಿ ಮುಂದಿಡುವ ಪಾಠ. ಸುಮ್ನೆ ಓದುವುದಲ್ಲ, ನಾವೇ ಒಳಗೆ ಇಳಿದು ತೀರ್ಮಾನ ಮಾಡಬೇಕು. ಒಂದು ಅಕ್ಕಿ ಗಿರಣಿ. ಮಾಲೀಕ ವಿಡಿಯೋದಲ್ಲಿ ಬಂದು ತನ್ನ ಕಷ್ಟ ಹೇಳುತ್ತಾನೆ. ಗೋದಾಮಿನ ಚಿತ್ರ ಒತ್ತಿದರೆ ಸ್ಟಾಕ್ ರಿಜಿಸ್ಟರ್ ತೆರೆಯುತ್ತದೆ, ಫೋನ್ ಒತ್ತಿದರೆ ಬ್ಯಾಂಕ್ ಮ್ಯಾನೇಜರ್ ದನಿ ಕೇಳುತ್ತದೆ. ಲೆಕ್ಕದಲ್ಲಿ ಲಾಭ ಇದೆ, ಹಮಾಲರ ಕೂಲಿಗೆ ಮಾತ್ರ ದುಡ್ಡಿಲ್ಲ. ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ ಅಂತ ನಾನು ಎಷ್ಟೋ ಬ್ಯಾಚಿಗೆ ಹೇಳಿದ್ದೇನೆ. ಹೂಂ ಅನ್ನುತ್ತಾರೆ, ಪರೀಕ್ಷೆ ಮುಗಿದರೆ ಮರೆಯುತ್ತಾರೆ. ಇಲ್ಲಿ ಹಾಗಲ್ಲ. ತಾವೇ ದೊಡ್ಡ ಗಿರಾಕಿಗೆ ಉದ್ರಿ ಕೊಟ್ಟು, ಮೂರನೇ ತಿಂಗಳಿಗೆ ನಗದಿನ ಗೆರೆ ಸೊನ್ನೆಗಿಂತ ಕೆಳಗಿಳಿದು ಕೆಂಪಾದಾಗ ಗುಂಪಿನಲ್ಲಿ ಒಂದೇ ಸಮ ಮೆಸೇಜು!

ಕೊನೆಗೆ ಮೂರು ಸ್ಲೈಡರ್ ಬರುತ್ತವೆ. ಭತ್ತ ಕೊಂಡು ಅಕ್ಕಿ ಮಾಡಿ ಮಾರಲು 60 ದಿನ. ಮಾರಿದ ದುಡ್ಡು ಕೈಗೆ ಬರಲು 45 ದಿನ. ಭತ್ತ ಕೊಟ್ಟವರಿಗೆ ದುಡ್ಡು ಕೊಡಲು ಗಿರಣಿ ತೆಗೆದುಕೊಳ್ಳುವುದು 15 ದಿನ. ಅಂದರೆ 105ರಲ್ಲಿ 15 ಕಳೆದು, 90 ದಿನ ಗಿರಣಿ ತನ್ನ ದುಡ್ಡಿನಲ್ಲೋ ಬ್ಯಾಂಕಿನ ದುಡ್ಡಿನಲ್ಲೋ ನಡೆಯಬೇಕು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಇದ್ದಾನೆ, ಬಹಳ ಚುರುಕು, ಆದರೆ ಉತ್ತರ ಬಂದ ಮೇಲೆ ಹಿಂತಿರುಗಿ ನೋಡುವ ಅಭ್ಯಾಸವೇ ಇಲ್ಲ. ಅವನು ತಟ್ಟನೆ ಮೂರನೇ ಸ್ಲೈಡರನ್ನು 15ರಿಂದ 45ಕ್ಕೆ ಎಳೆದ. ಗೆರೆ ಹಸಿರಾಯಿತು. ದಿನಕ್ಕೆ ಒಂದು ಲಕ್ಷದ ಭತ್ತ, 30 ದಿನ ತಡ, 30 ಲಕ್ಷ ಗಿರಣಿಯಲ್ಲೇ ಉಳಿಯಿತು. ಪರದೆ ಮೇಲೆ 'ಉತ್ತಮ ನಿರ್ಧಾರ' ಅಂತ ಬಂತು.

ಆಗಲೇ ಆ ಹುಡುಗಿ ಮೈಕ್ ಆನ್ ಮಾಡಿದ್ದು. ಕಾರಟಗಿ ಕಡೆಯವಳು. ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಅವರಪ್ಪ ಭತ್ತ ಬೆಳೆಯುತ್ತಾರೆ. ಅವಳ ದನಿಯಲ್ಲಿ ಜಗಳ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತಲೇ ಕೇಳಿದಳು. ಯಾರೂ ಮಾತಾಡಲಿಲ್ಲ.

ಪಾಠ ಅಲ್ಲಿಗೇ ನಿಲ್ಲಿಸಿ ಎಲ್ಲರೂ ಸೇರಿ ಲೆಕ್ಕ ಹಾಕಿದೆವು. ಬ್ಯಾಂಕ್ ಬಡ್ಡಿ 12% ಅಂತ ಹಿಡಿದರೆ, 30 ಲಕ್ಷ ವರ್ಷವಿಡೀ ಕೈಯಲ್ಲಿದ್ದರೆ ಗಿರಣಿಗೆ 3 ಲಕ್ಷ 60 ಸಾವಿರ ಉಳಿತಾಯ. ದುಡ್ಡು ಬರುವ ತನಕ ರೈತ ಏನು ಮಾಡುತ್ತಾನೆ? ಗೊಬ್ಬರಕ್ಕೆ, ಮನೆ ಖರ್ಚಿಗೆ ಕೈಸಾಲ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 24%. ಅದೇ 30 ಲಕ್ಷಕ್ಕೆ ರೈತರೆಲ್ಲ ಸೇರಿ ಕಟ್ಟುವುದು 7 ಲಕ್ಷ 20 ಸಾವಿರ. ಒಬ್ಬರಿಗೆ ಉಳಿದಿದ್ದಕ್ಕಿಂತ ಇನ್ನೊಬ್ಬರಿಗೆ ಹೋಗಿದ್ದು ಎರಡರಷ್ಟು.

ಗಿರಣಿಗೆ ಚೀಲ ತಯಾರಿಸಿ ಕೊಡುವ ನೋಂದಾಯಿತ ಸಣ್ಣ ಘಟಕಕ್ಕೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಇದೆ. ಒಪ್ಪಂದ ಏನೇ ಇದ್ದರೂ ಅವರಿಗೆ ದುಡ್ಡು ಕೊಡುವುದು 45 ದಿನ ಮೀರುವಂತಿಲ್ಲ. ಭತ್ತ ಬೆಳೆದವನು ಆ ಕಾಯ್ದೆಯೊಳಗೆ ಬರುವುದಿಲ್ಲ.

ಆ ಕೇಸ್ ಮಾಡಿದವರು ಸುಳ್ಳು ಹೇಳಿಲ್ಲ. ಸೂತ್ರ ಸರಿಯಾಗಿದೆ, ಯಾವ ಪಠ್ಯಪುಸ್ತಕದಲ್ಲೂ ಅದೇ ಇರುತ್ತದೆ. ಆದರೆ ಮಾಲೀಕನಿಗೆ ಮುಖ ಕೊಟ್ಟಿದ್ದಾರೆ, ಮ್ಯಾನೇಜರಿಗೆ ದನಿ ಕೊಟ್ಟಿದ್ದಾರೆ, ರೈತ ಬರೀ ಒಂದು ಸಂಖ್ಯೆ. ವಿಡಿಯೋ, ದನಿ ಎಲ್ಲ ಇರುವ ಪಾಠ ಮನಸ್ಸಿಗೆ ನಾಟುತ್ತದೆ ಅಂತಲೇ ನಾವು ಬಳಸುವುದು. ಹಾಗಿದ್ದ ಮೇಲೆ ಅದರಲ್ಲಿ ಯಾರು ಕಾಣಿಸುವುದಿಲ್ಲವೋ ಅವರು ಲೆಕ್ಕ ಹಾಕುವವನ ಮನಸ್ಸಿಗೂ ಬರುವುದಿಲ್ಲ. ಇನ್ನೊಂದು ವಿಷಯ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ 1920ರ ದಶಕದಲ್ಲಿ ಕೇಸ್ ಇಟ್ಟು ಪಾಠ ಮಾಡುವುದು ಬೆಳೆದಾಗ ಅದರ ಜೀವ ಇದ್ದದ್ದು ಕ್ಲಾಸಿನ ವಾದದಲ್ಲಿ. ದೂರಶಿಕ್ಷಣದಲ್ಲಿ ಆ ಕೋಣೆ ಇಲ್ಲ. ಒಬ್ಬೊಬ್ಬರೇ ಒತ್ತುತ್ತಾರೆ, ಹಸಿರು ಬಂದ ಕೂಡಲೇ ಮುಚ್ಚಿಡುತ್ತಾರೆ. ಆ ರಾತ್ರಿ ಎಲ್ಲರೂ ಒಟ್ಟಿಗೆ ಇದ್ದದ್ದರಿಂದ ಅವಳ ಮಾತು ಕೇಳಿಸಿತು. ಒಬ್ಬಳೇ ಕೂತಿದ್ದರೆ ಅವಳೂ 45ಕ್ಕೆ ಎಳೆದು ಅಂಕ ತೆಗೆದುಕೊಂಡು ಮಲಗುತ್ತಿದ್ದಳೇನೋ.

ಇನ್ನು ಮೇಲೆ ಉತ್ತರ ನೋಡುವ ಮೊದಲು ತಮ್ಮ ಕಾರಣವನ್ನು ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸಬೇಕು ಅಂತ ಹೇಳಿದ್ದೇನೆ. ಮೊದಲು ಕಳಿಸಿದವನು ಆ ಬ್ಯಾಂಕಿನ ಹುಡುಗನೇ, ಅದೂ ಈ ಸಲ ಹಿಂತಿರುಗಿ ನೋಡಿ: "ಗಿರಣಿ 12%ಕ್ಕೆ, ಅಂದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿಗೆ ಸಾಲ ತಂದು ರೈತರಿಗೆ 45ರ ಬದಲು 15 ದಿನಕ್ಕೇ ಕೊಡಲಿ ಮೇಡಂ, ಬದಲಿಗೆ ರೇಟಿನಲ್ಲಿ ನೂರಕ್ಕೆ ಒಂದೂವರೆ ರೂಪಾಯಿ ಹಿಡಿಯಲಿ. ರೈತನಿಗೆ ತಿಂಗಳ ಬಡ್ಡಿ ಎರಡು ರೂಪಾಯಿ ತಪ್ಪುತ್ತೆ, ಗಿರಣಿಗೂ ಅರ್ಧ ರೂಪಾಯಿ ಉಳಿಯುತ್ತೆ." ಲೆಕ್ಕ ಸರಿಯಾಗಿತ್ತು, ನನಗೆ ಖುಷಿಯೂ ಆಯಿತು. ಅದರ ಕೆಳಗೇ ಅವಳ ಉತ್ತರ: "ಅಣ್ಣಾ, ಹೊತ್ತಿಗೆ ಸರಿಯಾಗಿ ಕೊಡಾಕ ಕಡಿತ ಯಾಕ? ಮಾಲು ಅವತ್ತೇ ಕೊಟ್ಟೀವಲ್ಲ."

ಮುಂದಿನ ಕ್ಲಾಸು ಇಲ್ಲಿಂದಲೇ ಶುರು ಮಾಡುತ್ತೇನೆ.