ಮುಂಬೈ ಹಾಸ್ಟೆಲ್‌ನಲ್ಲಿ ನಾಲ್ಕು ರಾತ್ರಿ

ಮುಂಬೈಗೆ ಹೊರಟಾಗ ನಾನು ಮೊದಲು ನೋಡಿದ್ದು ದಕ್ಷಿಣ ಮುಂಬೈನ ಕೊಲಾಬಾ ಕಡೆಯ ಲಾಡ್ಜ್‌ಗಳನ್ನು. ಬಾಡಿಗೆ ನೋಡಿಯೇ ಸುಸ್ತಾಯಿತು. ಕೊನೆಗೆ ಅಂಧೇರಿಯಲ್ಲಿ ಒಂದು ಹಾಸ್ಟೆಲ್ ಹಿಡಿದೆ. ಎಂಟು ಜನರ ಡಾರ್ಮ್, ಒಂದು ಬೆಡ್‌ಗೆ ರಾತ್ರಿಗೆ 750 ರೂಪಾಯಿ.

ಬುಕ್ ಮಾಡುವಾಗ ಗೋಡೆಯ ಪೇಂಟಿಂಗ್, ಬೀನ್ ಬ್ಯಾಗ್ ಫೋಟೋ ನೋಡಿ ಮರುಳಾಗಬೇಡಿ. ಲೋಕಲ್ ಸ್ಟೇಷನ್ನಿಗೆ ನಡೆದು ಹೋಗಲು ಎಷ್ಟು ನಿಮಿಷ ಅಂತ ಮ್ಯಾಪ್‌ನಲ್ಲಿ ನೋಡಿ. ನನ್ನದು ಎಂಟು ನಿಮಿಷ. ಅಂಧೇರಿಯಿಂದ ದಕ್ಷಿಣ ಮುಂಬೈನ ಚರ್ಚ್‌ಗೇಟ್‌ಗೆ ಸೆಕೆಂಡ್ ಕ್ಲಾಸ್ ಟಿಕೆಟ್ 10 ರೂಪಾಯಿ. ಸ್ಟೇಷನ್ ದೂರವಾದರೆ, ಬೆಡ್‌ನಲ್ಲಿ ಉಳಿಸಿದ್ದೆಲ್ಲ ಆಟೋಗೆ ಹೋಗುತ್ತದೆ.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರು ಕೊನೆಯ ನಿಲ್ದಾಣ ಸಿಎಸ್‌ಎಂಟಿವರೆಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಹೋಗದೆ ದಾದರ್‌ನಲ್ಲೇ ಇಳಿಯಿರಿ. ಸೇತುವೆ ಹತ್ತಿ, ಅಂಧೇರಿ ಲೋಕಲ್ ಸಿಗುವ ಪಶ್ಚಿಮ ರೈಲ್ವೆ ಕಡೆಗೆ ಬಂದರೆ ಆಯಿತು. ಆದರೆ ರೈಲು ಮುಟ್ಟುವುದು ರಾತ್ರಿ 8ರ ಹೊತ್ತಿಗೆ. ಆಗ ಇಡೀ ಮುಂಬೈ ಆಫೀಸ್ ಮುಗಿಸಿ ಅದೇ ದಿಕ್ಕಿಗೆ ಹೊರಟಿರುತ್ತದೆ. ನಾನು ದೊಡ್ಡ ಬ್ಯಾಗ್ ಹಿಡ್ಕೊಂಡು, ಅಂಧೇರಿ ದಾಟಿ ವಿರಾರ್‌ವರೆಗೆ ಹೋಗುವ ಫಾಸ್ಟ್ ಲೋಕಲ್ ಹತ್ತಲು ಹೋದೆ. ಒಬ್ಬರು ನನ್ನ ತೋಳು ಹಿಡಿದು ಎಳೆದರು. ‘ಹತ್ತಬಹುದು, ಅಂಧೇರಿಯಲ್ಲಿ ಇಳಿಯೋಕೆ ಬಿಡಲ್ಲ’ ಅಂದರು ಹಿಂದಿಯಲ್ಲಿ. ಅಂಧೇರಿಗೇ ಮುಗಿಯುವ ಸ್ಲೋ ಲೋಕಲ್‌ಗೆ ಕಾಯಿರಿ. ಕೊನೆಯ ಸ್ಟೇಷನ್ ಆದ್ದರಿಂದ ಎಲ್ಲರ ಜೊತೆ ನೀವೂ ಇಳಿಯುತ್ತೀರಿ.

ಇನ್ನು ಹಾಸ್ಟೆಲ್ ಒಳಗೆ. ಬೀಗ ನೀವೇ ಒಯ್ಯಿರಿ. ಮಂಚದ ಕೆಳಗೆ ಲಾಕರ್ ಇತ್ತು, ಬೀಗ ಇರಲಿಲ್ಲ. ರಿಸೆಪ್ಷನ್‌ನಲ್ಲಿ ಕೇಳಿದರೆ 150 ರೂಪಾಯಿ! ಟವೆಲ್‌ಗೂ ಬಾಡಿಗೆ. ಕೆಳಗಿನ ಬೆಡ್ ಬೇಕು ಅಂತ ಮೊದಲೇ ಮೆಸೇಜ್ ಮಾಡಿ. ನನಗೆ ಸಿಕ್ಕಿದ್ದು ಮೇಲಿನದು, ಎಸಿ ನೇರ ತಲೆಗೇ. ಮುಂಬೈ ಸೆಕೆಯಲ್ಲಿ ಶಾಲು ಹೊದ್ದು ಮಲಗಿದೆ ಅಂದ್ರೆ ಮನೆಯಲ್ಲಿ ಯಾರೂ ನಂಬಲಿಲ್ಲ.

ಗೊರಕೆ ಅಭ್ಯಾಸವಾಗುತ್ತದೆ. ಅಭ್ಯಾಸವಾಗದ್ದು ಪ್ಲಾಸ್ಟಿಕ್ ಕವರ್ ಸದ್ದು. ವಿಮಾನ ಹಿಡಿಯುವವನೊಬ್ಬ ಬೆಳಗಿನ ಜಾವ ನಾಲ್ಕೂವರೆಗೆ ಎದ್ದ. ಮೊಬೈಲ್ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಂದೊಂದೇ ಕವರ್ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿದ. ಸರಸರ, ಸರಸರ, ಅರ್ಧ ಗಂಟೆ. ಹತ್ತಿಯನ್ನಾದರೂ ಕಿವಿಗೆ ತುರುಕಿಕೊಳ್ಳಿ. ನಿಮ್ಮದೂ ಬೆಳಗಿನ ಪ್ರಯಾಣವಾದರೆ ರಾತ್ರಿಯೇ ಬ್ಯಾಗ್ ಕಟ್ಟಿ ಹೊರಗಿಡುವ ದಯೆ ತೋರಿಸಿ.

ಆಧಾರ್ ವಿಚಾರ ಒಂದಿದೆ. ಅದೇ ಊರಿನ ವಿಳಾಸ ಇರುವವರಿಗೆ ಅನೇಕ ಹಾಸ್ಟೆಲ್‌ಗಳು ಬೆಡ್ ಕೊಡುವುದಿಲ್ಲ. ಮುಂಬೈ ಪಕ್ಕದ ಡೊಂಬಿವಲಿಯ ನನ್ನ ಗೆಳೆಯ ಒಂದು ರಾತ್ರಿ ಜೊತೆಗಿರಲು ಬಂದಿದ್ದ, ಪಾಪ, ಹತ್ತೂವರೆಗೆ ವಾಪಸ್ ಹೋಗಬೇಕಾಯಿತು. ಮೊದಲೇ ಕೇಳಿಕೊಳ್ಳಿ.

ಹಾಸ್ಟೆಲ್‌ನ ತಿಂಡಿ ಅಂದ್ರೆ ಬ್ರೆಡ್, ಜಾಮ್. ಒಂದು ದಿನ ಸಾಕು. ಮರುದಿನ ಬೆಳಿಗ್ಗೆ ಮಾಟುಂಗಾಕ್ಕೆ ಹೋದೆ. ಮಾಟುಂಗಾ ರೋಡ್‌ನಲ್ಲಿ ಇಳಿದು, ಸೇತುವೆ ದಾಟಿ ಪೂರ್ವಕ್ಕೆ ನಡೆದರೆ ರಾಮ ಆಶ್ರಯ ಹೋಟೆಲ್. ಇಡ್ಲಿ, ಉಪ್ಪಿಟ್ಟು, ಅನಾನಸ್ ಶಿರಾ. ನಮ್ಮ ಕೇಸರಿಬಾತ್ ಅಂದುಕೊಳ್ಳಿ, ಆದರೆ ತುಪ್ಪ ಜಾಸ್ತಿ. ಮಧ್ಯಾಹ್ನದ ಊಟಕ್ಕೆ ಅಲ್ಲೇ ಸ್ಟೇಷನ್ ಹತ್ತಿರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರಿಂದ.

ಎಲಿಫೆಂಟಾ ಗುಹೆಗೆ ಸೋಮವಾರ ರಜೆ, ಆ ದಿನ ಇಟ್ಟುಕೊಳ್ಳಬೇಡಿ.

ವಾಪಸ್ ಉದ್ಯಾನ್ ಸಿಎಸ್‌ಎಂಟಿ ಬಿಡುವುದು ಬೆಳಿಗ್ಗೆ 8ರ ಸುಮಾರಿಗೆ. ಅಂಧೇರಿಯಿಂದ ಹಾರ್ಬರ್ ಲೈನ್ ಲೋಕಲ್ ನೇರ ಅಲ್ಲಿಗೇ ಹೋಗುತ್ತದೆ, ದಾದರ್‌ನಲ್ಲಿ ಬದಲಿಸುವ ರಗಳೆ ಇಲ್ಲ. ಆರು ಗಂಟೆಗೆಲ್ಲ ಹೊರಟುಬಿಡಿ. ಹಾಸ್ಟೆಲ್‌ಗೆ ಡೆಪಾಸಿಟ್ ಕೊಟ್ಟಿದ್ದರೆ ಹಿಂದಿನ ರಾತ್ರಿಯೇ ವಾಪಸ್ ತಗೊಳ್ಳಿ. ನಾನು ಬೆಳಿಗ್ಗೆ ಇಳಿದು ಬಂದಾಗ ರಿಸೆಪ್ಷನ್ ಹುಡುಗ ಸೋಫಾ ಮೇಲೆ ಗಾಢ ನಿದ್ದೆಯಲ್ಲಿದ್ದ. ಎಬ್ಬಿಸಲು ಹತ್ತು ನಿಮಿಷ ಹಿಡಿಯಿತು, ಆಮೇಲೆ ಚಿಲ್ಲರೆ ಇಲ್ಲ ಅಂದ.