ಎಸ್‌ಯುವಿ ಕೊಳ್ಳುವ ಮುನ್ನ ಅಡಿಭಾಗವನ್ನು ನೋಡಿ

ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪುಗಳನ್ನೂ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಸಾಲಾಗಿ ನಿಂತ ಎತ್ತರದ ಕಾರುಗಳನ್ನೂ ನಾವು ಒಂದೇ ಗುಂಪಿಗೆ ಸೇರಿಸಿ ಎಸ್‌ಯುವಿ ಎನ್ನುತ್ತೇವೆ. ಬಗ್ಗಿ ಅಡಿಭಾಗವನ್ನು ನೋಡಿದರೆ ಇವುಗಳ ಜಾತಿಯೇ ಬೇರೆ ಎಂಬುದು ತಿಳಿಯುತ್ತದೆ. ಹೊಸ ವಾಹನ ಕೊಳ್ಳಲು ಹೊರಟ ಗೆಳೆಯರಿಗೆ ನಾನು ಮೊದಲು ವಿವರಿಸುವುದು ಈ ವ್ಯತ್ಯಾಸವನ್ನೇ.

ಮೂಲ ಇರುವುದು ಯುದ್ಧದಲ್ಲಿ. 1940ರಲ್ಲಿ ಅಮೆರಿಕದ ಸೇನೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಹಗುರವಾದ ವಾಹನವೊಂದನ್ನು ಕೇಳಿದಾಗ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು ಒದಗಿಸಿತು. ಮುಂದೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. 1948ರಲ್ಲಿ ಬ್ರಿಟನ್ನಿನ ಲ್ಯಾಂಡ್ ರೋವರ್ ಹೊಲಗದ್ದೆಗಳಿಗೆಂದು ಬಂದಿತು. ಅದೇ ದಶಕದ ಕೊನೆಯ ಹೊತ್ತಿಗೆ ನಮ್ಮಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳ ಜೋಡಣೆಗೆ ತೊಡಗಿತ್ತು. ಇವೆಲ್ಲವುಗಳಲ್ಲಿಯೂ ಏಣಿಯಾಕಾರದ ಉಕ್ಕಿನ ಚಾಸಿಯ ಮೇಲೆ ಬಾಡಿಯನ್ನು ಪ್ರತ್ಯೇಕವಾಗಿ ಕೂರಿಸಿ ಬೋಲ್ಟ್ ಹಾಕಲಾಗುತ್ತಿತ್ತು. ಇಂದಿನ ಥಾರ್, ಬೊಲೆರೊ, ಸ್ಕಾರ್ಪಿಯೊ-ಎನ್, ಫಾರ್ಚ್ಯೂನರ್ ಈ ವಂಶದವು.

ಎರಡನೆಯ ವಂಶಕ್ಕೆ ದಾರಿ ತೆರೆದದ್ದು 1984ರ ಜೀಪ್ ಚೆರೊಕೀ. ಚಾಸಿ ಮತ್ತು ಬಾಡಿ ಒಂದಾಗಿರುವ ಮೊನೊಕಾಕ್ ರಚನೆಯಿಂದ ತೂಕ ಇಳಿದರೂ ಒರಟು ದಾರಿಯ ಸಾಮರ್ಥ್ಯ ಉಳಿಯಬಲ್ಲದೆಂದು ಅದು ತೋರಿಸಿತು. 1994ರಲ್ಲಿ ಟೊಯೊಟಾ ತನ್ನ ಸಾಮಾನ್ಯ ಕಾರುಗಳ ಬಿಡಿಭಾಗಗಳನ್ನೇ ಬಳಸಿ ರಾವ್4 ಅನ್ನು ತಂದಾಗ, ಇಂದು ಕ್ರಾಸ್‌ಓವರ್ ಎನ್ನಿಸಿಕೊಳ್ಳುವ ಬಗೆಗೆ ಸ್ಪಷ್ಟ ರೂಪ ಬಂದಿತು. ನಮ್ಮ ಡಸ್ಟರ್, ಕ್ರೆಟಾ, ಬ್ರೆಝಾಗಳೆಲ್ಲ ಈ ಸಾಲಿನವು. ಇವು ಹಗುರ, ಮೈಲೇಜ್ ಹೆಚ್ಚು, ಘಾಟಿಯ ತಿರುವುಗಳಲ್ಲಿ ವಾಲುವುದು ಕಡಿಮೆ. ದಿನವೂ ಡಾಂಬರು ರಸ್ತೆಯಲ್ಲೇ ಓಡಾಡುವ ಕುಟುಂಬಕ್ಕೆ ಇವೇ ಸರಿಯಾದ ಆಯ್ಕೆಯೆಂಬುದು ನನ್ನ ಖಚಿತ ಅಭಿಪ್ರಾಯ.

ಭಾರತದಲ್ಲಿ ಎಸ್‌ಯುವಿಗಳ ಆಕಾರವನ್ನು ತಿದ್ದುವುದರಲ್ಲಿ ತೆರಿಗೆಯ ಪಾತ್ರವೂ ದೊಡ್ಡದು. ನಾಲ್ಕು ಮೀಟರಿಗಿಂತ ಉದ್ದವಿರದ, ಸಣ್ಣ ಎಂಜಿನ್ನಿನ ಕಾರುಗಳಿಗೆ 2006ರಿಂದ ತೆರಿಗೆ ರಿಯಾಯಿತಿ ಸಿಕ್ಕಿದ್ದರಿಂದಲೇ ಇಕೋಸ್ಪೋರ್ಟ್, ಬ್ರೆಝಾಗಳಂಥ ಮೋಟು ಎಸ್‌ಯುವಿಗಳು ಹುಟ್ಟಿದವು.

ಒರಟು ದಾರಿಯ ವಿಷಯಕ್ಕೆ ಬಂದರೆ, ಚಾಸಿಗಿಂತಲೂ ಮುಖ್ಯವಾದುದು ಥಾರ್‌ನಲ್ಲಿ ಗೇರ್ ಲಿವರ್‌ನ ಪಕ್ಕದಲ್ಲಿರುವ ಚಿಕ್ಕ ಲಿವರ್. ಅದನ್ನು 4ಎಲ್ ಸ್ಥಾನಕ್ಕೆ, ಅಂದರೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಲೋ ಗೇರ್‌ಗೆ ತಂದರೆ ಎಂಜಿನ್ ಮೊದಲಿನ ವೇಗದಲ್ಲೇ ತಿರುಗುತ್ತಿದ್ದರೂ ಚಕ್ರಗಳು ಬಹಳ ನಿಧಾನವಾಗಿ, ಆದರೆ ಎರಡು ಪಟ್ಟಿಗೂ ಮೀರಿದ ಬಲದಿಂದ ಉರುಳುತ್ತವೆ. ಮಳೆಗಾಲದ ಕಾಫಿ ತೋಟದ ಏರಿನಲ್ಲಿ ಆಕ್ಸಿಲರೇಟರ್ ಒತ್ತದೆಯೇ ಗಾಡಿ ತೆವಳಿಕೊಂಡು ಹತ್ತುವುದೂ, ಇಳಿಜಾರಿನಲ್ಲಿ ಬ್ರೇಕ್ ಮುಟ್ಟದಿದ್ದರೂ ಎಂಜಿನ್ನೇ ಅದನ್ನು ಹಿಡಿದು ನಿಲ್ಲಿಸಿದಂತೆ ಇಳಿಯುವುದೂ ಇದರಿಂದಲೇ. ಇದೇ ವ್ಯವಸ್ಥೆಯನ್ನು ಒಣ ಡಾಂಬರಿನ ಮೇಲೆ ಬಳಸಬಾರದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಬೇಕಾದರೂ ಅದಕ್ಕೆ ಅವಕಾಶವಿಲ್ಲದೆ ಶಾಫ್ಟ್ ಮತ್ತು ಗೇರುಗಳ ಮೇಲೆ ಬಿಗಿತ ಏರುತ್ತದೆ.

ಏಣಿ ಚಾಸಿ ಇದ್ದ ಮಾತ್ರಕ್ಕೆ ಈ ಲಿವರ್ ಇದ್ದೇ ಇರುತ್ತದೆಂದು ಭಾವಿಸಬಾರದು. ಸ್ಕಾರ್ಪಿಯೊ-ಎನ್‌ನ ಬಹುತೇಕ ಆವೃತ್ತಿಗಳಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುತ್ತದೆ. ಥಾರ್ ಕೂಡ 4x4 ಇಲ್ಲದ ಆವೃತ್ತಿಗಳಲ್ಲಿ ದೊರೆಯುತ್ತದೆ. ಅದಕ್ಕೆ ತದ್ವಿರುದ್ಧವಾಗಿ ಜಿಮ್ನಿ ನಾಲ್ಕು ಮೀಟರಿನೊಳಗಿನ ಪುಟ್ಟ ಗಾಡಿಯಾದರೂ ಏಣಿ ಚಾಸಿ, ಲೋ ಗೇರ್ ಎರಡನ್ನೂ ಹೊಂದಿದೆ. ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಎರಡೂ ವಂಶದ ಗಾಡಿಗಳು ಹೊರಬರುತ್ತವೆ: ಏಣಿ ಚಾಸಿಯ ಫಾರ್ಚ್ಯೂನರ್ ಮತ್ತು ಮೊನೊಕಾಕ್ ಹೈರೈಡರ್.

ವಿದ್ಯುತ್ ವಾಹನಗಳು ಈ ವಿಂಗಡಣೆಯನ್ನು ಮತ್ತೆ ಕಲಕುತ್ತಿವೆ. 2025ರಲ್ಲಿ ಬಂದ ಹ್ಯಾರಿಯರ್ ಇವಿಯ ನಾಲ್ಕು ಚಕ್ರ ಚಾಲನೆಯ ಆವೃತ್ತಿಯಲ್ಲಿ ಮುಂದೊಂದು, ಹಿಂದೊಂದು ಮೋಟಾರ್ ಇದ್ದು, ಅವುಗಳ ನಡುವೆ ಶಾಫ್ಟ್ ಆಗಲಿ ಚಿಕ್ಕ ಲಿವರ್ ಆಗಲಿ ಇಲ್ಲ. ವಿದ್ಯುತ್ ಮೋಟಾರ್ ನಿಂತಲ್ಲಿಂದಲೇ ಪೂರ್ಣ ಬಲ ಕೊಡುವುದರಿಂದ ಲೋ ಗೇರ್‌ನ ಕೆಲಸದ ಒಂದು ಪಾಲನ್ನು ಅದೇ ನಿಭಾಯಿಸುತ್ತದೆ. ಆದರೆ ಇಲ್ಲಿ ಅಡಿಭಾಗದಲ್ಲಿ ಬ್ಯಾಟರಿ ಹರಡಿಕೊಂಡಿರುತ್ತದೆ. ಆದ್ದರಿಂದ ಕಲ್ಲುದಾರಿಗೆ ಇಳಿಸುವವರು ಬ್ಯಾಟರಿಯ ಕೆಳಗಿನ ರಕ್ಷಣಾ ಕವಚ ಎಂಥದ್ದು, ಅದಕ್ಕೆ ಪೆಟ್ಟಾದರೆ ವಾರಂಟಿ ಅನ್ವಯಿಸುತ್ತದೆಯೇ ಎಂಬುದನ್ನು ಶೋರೂಮಿನಲ್ಲೇ ವಿಚಾರಿಸಿ, ಉತ್ತರವನ್ನು ಲಿಖಿತವಾಗಿ ಪಡೆದುಕೊಳ್ಳಬೇಕು.